ಎಕರೆಗೆ ಎಷ್ಟು ಅಂತ ಕೇಳೋ ಮುಂಚೆ

ನನ್ನ ಊರು ಮಧುಗಿರಿ ಹತ್ತಿರ ಅಂತ ಗೊತ್ತಾದಾಗಿನಿಂದ ಆಫೀಸಿನಲ್ಲಿ ನನಗೊಂದು ಹೊಸ ಡ್ಯೂಟಿ. "ಗುರು, ನಿಮ್ ಕಡೆ ಎಕರೆಗೆ ಎಷ್ಟು ನಡೀತಿದೆ?" 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಹಾಗಾಗಿ ಶನಿವಾರ ಬಂದರೆ ಬೆಂಗಳೂರಿನ ಕಾರುಗಳು ನಮ್ಮ ಕಡೆ ಮುಖ ಮಾಡುತ್ತವೆ.

ಬ್ರೋಕರ್ ಹತ್ತಿರ ತಾಲ್ಲೂಕಿಗೊಂದು ಸುದ್ದಿ ಇರುತ್ತೆ. ಶಿರಾ ಅಂದ್ರೆ ಹೈವೇ. ಕೊರಟಗೆರೆ ಅಂದ್ರೆ ವಸಂತನರಸಾಪುರದ ಫ್ಯಾಕ್ಟರಿಗಳು. ಮಧುಗಿರಿ ಅಂದ್ರೆ ತುಮಕೂರು–ರಾಯದುರ್ಗ ರೈಲು. ಪಾವಗಡ ಅಂದ್ರೆ ಸೋಲಾರ್. ಸುದ್ದಿಯೆಲ್ಲ ನಿಜವೇ. ಆದರೆ ಅದರ ಬೆಲೆಯನ್ನು ಮಾರುವವನು ಆಗಲೇ ಸೇರಿಸಿರ್ತಾನೆ. ರೈಲು ಬಂದ ಮೇಲಿನ ರೇಟನ್ನು ಈಗಲೇ ಕೊಟ್ಟರೆ ನಮಗೆ ಉಳಿಯೋದೇನು?

ಪಾವಗಡವನ್ನೇ ನೋಡಿ. ತಿರುಮಣಿ ಸುತ್ತಲಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಎದ್ದಿತು. ರೈತರು ಜಮೀನು ಮಾರಲಿಲ್ಲ, 28 ವರ್ಷಕ್ಕೆ ಗುತ್ತಿಗೆ ಕೊಟ್ಟರು. ಶುರುವಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ 5 ಪರ್ಸೆಂಟ್ ಏರಿಕೆ. ಜಮೀನಿಲ್ಲದ ಕೂಲಿಯವರಿಗೆ ಹೊಲದ ಕೆಲಸ ಹೋಯಿತು, ಅದೂ ನಿಜ. ಆದರೆ ಮಳೆಯಿಲ್ಲದೆ ಕಡಲೇಕಾಯಿ ಒಣಗುವ ತಾಲ್ಲೂಕಿನಲ್ಲಿ ಜಮೀನಿದ್ದವರಿಗೆ ಖಾತ್ರಿ ದುಡ್ಡು ಬಂತು, ಪಹಣಿಯಲ್ಲಿ ಹೆಸರೂ ಉಳಿಯಿತು.

ಈ ಬಾಡಿಗೆಯನ್ನೇ ಅಳತೆಗೋಲು ಮಾಡಿಕೊಳ್ಳಿ. ಎಕರೆಗೆ 20 ಲಕ್ಷ ಕೊಟ್ಟ ಜಮೀನು ವರ್ಷಕ್ಕೆ 21,000 ತಂದರೆ ಒಂದು ಪರ್ಸೆಂಟ್ ಚಿಲ್ಲರೆ ಆಯಿತು. ಅದೇ ದುಡ್ಡು 7 ಪರ್ಸೆಂಟ್ ಎಫ್‌ಡಿಯಲ್ಲಿದ್ದರೆ ಹತ್ತು ವರ್ಷಕ್ಕೆ ಹೆಚ್ಚುಕಡಿಮೆ ದುಪ್ಪಟ್ಟು. ಅಂದರೆ ಬರೀ ಎಫ್‌ಡಿಗೆ ಸಮ ಆಗೋಕೇ ಆ ಎಕರೆ 36 ಲಕ್ಷ ಮುಟ್ಟಬೇಕು. ಸ್ಟಾಂಪ್ ಡ್ಯೂಟಿ, ಬೇಲಿ ಖರ್ಚು ಬೇರೆ. ಮಾರೋಕೆ ಹೋದ ದಿನವೇ ಗಿರಾಕಿ ಸಿಗ್ತಾನೆ ಅನ್ನೋ ಗ್ಯಾರಂಟಿಯೂ ಇಲ್ಲ.

ಇನ್ನು ಕಾಗದಪತ್ರ. ಹೋದ ವರ್ಷ ಕೊರಟಗೆರೆ ಕಡೆ ಮೂರು ಎಕರೆ ನೋಡಿದ್ದೆ. ರೇಟು ಅಕ್ಕಪಕ್ಕಕ್ಕಿಂತ ಕಮ್ಮಿ. ಪಹಣಿ ಒಬ್ಬರ ಹೆಸರಲ್ಲೇ ಇತ್ತು, ಇಸಿಯಲ್ಲೂ ತಕರಾರಿಲ್ಲ. ವಂಶವೃಕ್ಷ ಕೇಳಿದೆ. ಇಬ್ಬರು ಹೆಣ್ಣುಮಕ್ಕಳಿದ್ದರು. "ಮದುವೆ ಮಾಡ್ಕೊಟ್ಟು ಇಪ್ಪತ್ತು ವರ್ಷ ಆಯ್ತು ಸಾರ್, ಅವರ ಸೈನ್ ಯಾಕೆ?" ಅಂದ ಬ್ರೋಕರ್. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅನ್ನುತ್ತೆ 2005ರ ತಿದ್ದುಪಡಿ. ನಾಳೆ ಅವರು ಕೋರ್ಟಿಗೆ ಹೋದರೆ ನನ್ನ ಲಾಭವೆಲ್ಲ ವಕೀಲರಿಗೆ. ಅದೂ ಅಲ್ಲದೆ ನಮ್ಮ ಮನೆಯಲ್ಲೂ ಒಬ್ಬಳು ತಂಗಿ ಇದ್ದಾಳೆ. ಆ ಕಮ್ಮಿ ರೇಟು ಯಾರ ಪಾಲಿನಿಂದ ಬಂತು ಅಂತ ಗೊತ್ತಾದ ಮೇಲೆ ಟೋಕನ್ ಕೊಡೋಕೆ ಕೈ ಬರಲಿಲ್ಲ.

ಸರ್ಕಾರ ಮಂಜೂರು ಮಾಡಿದ ಜಮೀನಾ ಅಂತಲೂ ಕೇಳಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದದ್ದಾದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದ ಮಾರಾಟ ಊರ್ಜಿತವಾಗಲ್ಲ.

ಅಪ್ಪನ ಚೆಕ್‌ಲಿಸ್ಟ್ ಇನ್ನೂ ಚಿಕ್ಕದು: ಬೋರ್‌ವೆಲ್ಲನ್ನ ಏಪ್ರಿಲ್‌ನಲ್ಲಿ ನೋಡು, ದಾರಿಯನ್ನ ನಕಾಶೆಯಲ್ಲಿ ನೋಡು. ಮಳೆ ಬಿದ್ದ ಮೇಲೆ ನಮ್ಮ ಕಡೆ ಎಲ್ಲ ಹೊಲವೂ ಚೆಂದ. ಪಕ್ಕದವನು "ಹೋಗ್ರಪ್ಪ" ಅಂತ ಬಿಟ್ಟಿರೋ ದಾರಿ ನೀವು ಬೇಲಿ ಹಾಕಿದ ದಿನ ಮುಚ್ಚಿಹೋಗಬಹುದು.

ಈ ವರ್ಷ ಮಧುಗಿರಿ ತಾಲ್ಲೂಕಿನಲ್ಲೇ ಒಂದೂಕಾಲು ಎಕರೆ ಕೊಂಡೆ. ರೈಲು, ಹೈವೇ ಯಾವುದೂ ಹತ್ತಿರವಿಲ್ಲ, ರೇಟಿನಲ್ಲೂ ಅವು ಸೇರಿರಲಿಲ್ಲ. ಆರು ಹುಣಸೆ ಮರ ಇವೆ, ಫಸಲನ್ನು ಗುತ್ತಿಗೆಗೆ ಕೊಡಬಹುದು. ರಿಜಿಸ್ಟ್ರೇಷನ್‌ಗೆ ಮಾರಿದವರ ಮನೆಯ ಮೂವರು ಹೆಣ್ಣುಮಕ್ಕಳೂ ಬಂದಿದ್ದರು. ದೊಡ್ಡವರು ಸೈನ್ ಹಾಕಿ ಪೆನ್ನು ಕೊಡುತ್ತಾ, "ಮರ ಕಡೀಬೇಡ ಕಣಪ್ಪ" ಅಂದರು. ಕಡಿಯಲ್ಲ ಅಂದೆ.