ನಾಡಿ ನೋಡದೆ ಕಷಾಯ

ಮದ್ದು ಹೇಳುವವರಿಗೆ ನಮ್ಮ ಊರುಗಳಲ್ಲಿ ಎಂದೂ ಬರವಿಲ್ಲ. ಸೀನಿದರೆ ಶುಂಠಿ, ಕೆಮ್ಮಿದರೆ ಮೆಣಸು, ಸುಮ್ಮನೆ ಕೂತರೆ ಜೀರಿಗೆ ಕಷಾಯ! ಕಾಯಿಲೆ ಏನೆಂದು ಕೇಳುವವರು ಮಾತ್ರ ಕಡಿಮೆ. ಈ ಚಾಳಿ ಕಂಪ್ಯೂಟರಿನ ಕಾಯಿಲೆಗೂ ಅಂಟಿಕೊಂಡಿದೆ ಎಂಬುದನ್ನು ನಮ್ಮೂರಿನ ಮಹಿಳಾ ಪತ್ತಿನ ಸಹಕಾರ ಸಂಘದ ನಿರ್ದೇಶಕಿಯಾದ ಮೇಲೆ ಕಂಡೆ.

ನಮ್ಮದು ಪುಟ್ಟ ಸಂಘ. ಹೂವು ಮಾರುವವರು, ಹೊಲಿಗೆಯವರು, ಅಂಗನವಾಡಿಯವರು, ನನ್ನಂಥ ಟೀಚರುಗಳು ಅದರ ಸದಸ್ಯರು. ದಿನವೂ ಹತ್ತಿಪ್ಪತ್ತು ರೂಪಾಯಿ ಪಿಗ್ಮಿ ಕಟ್ಟುವವರೇ 600 ಮಂದಿ. ಲೆಕ್ಕ ಹಾಕಿ ನೋಡಿ: ವರ್ಷಕ್ಕೆ 300 ದಿನವೆಂದರೂ 1,80,000 ನಮೂದು, ಎಂಟು ವರ್ಷಕ್ಕೆ 14,40,000. ಇಷ್ಟನ್ನೂ ಹೊತ್ತುಕೊಂಡ ಕಂಪ್ಯೂಟರು ಬರಬರುತ್ತಾ ಏದುಸಿರು ಬಿಡತೊಡಗಿತು. ಪಾಸ್‌ಬುಕ್ ಕೊಟ್ಟು ಬಾಕಿ ಕೇಳಿದರೆ, ಗುಮಾಸ್ತೆ ಹುಡುಗಿ "ಸ್ವಲ್ಪ ಇರಿ ಅಮ್ಮ, ಅದು ಹುಡುಕ್ತಾ ಇದೆ" ಎನ್ನುವಳು. ಹುಡುಕುತ್ತಿತ್ತು, ಹುಡುಕುತ್ತಲೇ ಇತ್ತು.

ಪಟ್ಟಣದಲ್ಲಿ ತಡ ಎಂದರೆ ಬರೀ ತಡವಲ್ಲ. ಮೊಮ್ಮಗನ ಫೀಸಿಗೆಂದು ಹಣ ತೆಗೆಯಲು ಬಂದ ಹೂವಿನಜ್ಜಿ ಎರಡು ದಿನ ಬರಿಗೈಯಲ್ಲಿ ಹೋದಳು. ಮೂರನೆಯ ದಿನ ಮಾರುಕಟ್ಟೆಯಲ್ಲಿ ಮಾತು ಹುಟ್ಟಿತು: "ಸಂಘದಲ್ಲಿ ದುಡ್ಡಿಲ್ಲವಂತೆ, ಕಂಪ್ಯೂಟರ್ ನೆಪ ಹೇಳ್ತಾರೆ." ಬೆವರಿಳಿಸಿ ಕೂಡಿಟ್ಟ ಹಣದ ವಿಷಯದಲ್ಲಿ ಇಂಥ ಮಾತಿಗೆ ಕಾಲು ಬೇಗ ಬರುತ್ತದೆ. ಎಲ್ಲರೂ ಒಂದೇ ದಿನ ಬಂದು ಕೊಡಿ ಎಂದರೆ ಯಾವ ಸಂಘ ತಾನೇ ತಡೆದೀತು?

ಆ ಹೊತ್ತಿಗೆ ಸರಿಯಾಗಿ ಮದ್ದಿನವನೊಬ್ಬ ಬಂದ. ದತ್ತಾಂಶವನ್ನು ನೋಡಿಕೊಳ್ಳುವ, ಅದರ ವೇಗ ಹೆಚ್ಚಿಸುವ ಉಪಕರಣವಂತೆ. ಪರದೆಯ ಮೇಲೆ ಕಾರಿನ ಮೀಟರಿನಂಥ ಮುಳ್ಳುಗಳು, ಕೆಂಪು ಹಸಿರು ದೀಪಗಳು, ಏರಿಳಿಯುವ ಗೆರೆಗಳು. ಬೆಲೆ ನಮ್ಮ ಗುಮಾಸ್ತೆಯ ಒಂದು ವರ್ಷದ ಸಂಬಳ. ಸಮಿತಿಯಲ್ಲಿ ಅರ್ಧ ಜನ ಆಗಲೇ ತಲೆದೂಗಿದ್ದರು. ಒಂದು ವಾರ ಸಮಯ ಕೇಳಿ ನಾನು ಬೆಂಗಳೂರಿನಲ್ಲಿರುವ ಅಕ್ಕನ ಮಗಳಿಗೆ ಫೋನು ಮಾಡಿದೆ. ದೊಡ್ಡ ದೊಡ್ಡ ದತ್ತಾಂಶಗಳ ಯೋಗಕ್ಷೇಮ ನೋಡಿಕೊಳ್ಳುವುದೇ ಅವಳ ಉದ್ಯೋಗ.

"ಚಿಕ್ಕಮ್ಮ, ಮೊದಲು ಯಾವ ಕೆಲಸ ನಿಧಾನ ಅಂತ ನೋಡಿ. ಅದನ್ನು ತೋರಿಸುವ ಸಾಧನ ನಿಮ್ಮ ಯಂತ್ರದಲ್ಲೇ ಇದೆ, ಪುಕ್ಕಟೆ" ಎಂದಳು.

ನಮ್ಮ ಲೆಕ್ಕವಿರುವುದು ಮೈಎಸ್‌ಕ್ಯುಎಲ್ ಎಂಬುದರಲ್ಲಿ. 1995ರಲ್ಲಿ ಹುಟ್ಟಿದ ಇದಕ್ಕೆ ಅದನ್ನು ಕಟ್ಟಿದವರಲ್ಲೊಬ್ಬರಾದ ಮೈಕೆಲ್ ವಿಡೇನಿಯಸ್ ತಮ್ಮ ಮಗಳ ಹೆಸರಿಟ್ಟರಂತೆ. ಮುಂದೆ 2009ರಲ್ಲಿ ಅದರಿಂದಲೇ ಕವಲೊಡೆದ ಇನ್ನೊಂದಕ್ಕೆ ಕಿರಿಮಗಳ ಹೆಸರು, ಮರಿಯಾಡಿಬಿ. ಹೆಣ್ಣುಮಕ್ಕಳ ಸಂಘದ ಲೆಕ್ಕ ಹೆಣ್ಣುಮಗಳ ಹೆಸರಿನಲ್ಲಿದೆ ಎಂದು ಕೇಳಿ ನನಗೆ ಹಿತವೆನಿಸಿತು.

ಈ ಯಂತ್ರದಲ್ಲಿ ನಿಧಾನವಾದ ಪ್ರಶ್ನೆಗಳನ್ನೆಲ್ಲ ಬರೆದಿಡುವ ಒಂದು ದಿನಚರಿ ಇದೆ. ಮೊದಲಿಗೆ ಅದು ಮುಚ್ಚಿಯೇ ಇರುತ್ತದೆ. ತೆರೆದರೂ ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿದದ್ದನ್ನಷ್ಟೇ ಬರೆಯುತ್ತದೆ. ತಂತ್ರಾಂಶ ಮಾಡಿಕೊಟ್ಟ ಹುಡುಗನನ್ನು ಕರೆಸಿ ಅದನ್ನು ತೆರೆಸಿ, ಎರಡು ಸೆಕೆಂಡಿಗೆ ಇಳಿಸಿ, ಒಂದು ವಾರ ಬಿಟ್ಟೆವು. ವಾರದ ಕೊನೆಗೆ ನೋಡಿದರೆ ನೂರಾರು ಸಾಲು. ಆದರೆ ಪ್ರಶ್ನೆಗಳು ಎರಡೇ ಬಗೆಯವು!

ಮೊದಲನೆಯದು, ಒಬ್ಬ ಸದಸ್ಯೆಯ ಖಾತೆಯ ನಮೂದುಗಳನ್ನು ತೆಗೆಯುವುದು. ಪ್ರಶ್ನೆಯ ಮುಂದೆ 'ಎಕ್ಸ್‌ಪ್ಲೇನ್' ಎಂಬ ಪದ ಸೇರಿಸಿದರೆ, ಹೇಗೆ ಹುಡುಕುತ್ತೇನೆ ಎಂದು ಯಂತ್ರವೇ ಹೇಳುತ್ತದೆ. ಅದು ಹೇಳಿದ ಉತ್ತರ, ಹದಿನಾಲ್ಕು ಲಕ್ಷ ಸಾಲನ್ನೂ ಓದುತ್ತೇನೆ ಎಂದು. ಟೀಚರಾದ ನನಗೆ ಇದು ತಟ್ಟನೆ ಅರ್ಥವಾಯಿತು. ನಮ್ಮ ಶಾಲೆಯ ದಾಖಲಾತಿ ಪುಸ್ತಕವಿರುವುದು ದಾಖಲೆ ಸಂಖ್ಯೆಯ ಕ್ರಮದಲ್ಲಿ. ಹಳೆಯ ವಿದ್ಯಾರ್ಥಿಯೊಬ್ಬ ಬರೀ ಹೆಸರು ಹೇಳಿ ಟಿ.ಸಿ. ಕೇಳಿದರೆ ಮೊದಲ ಪುಟದಿಂದ ಮಗುಚಬೇಕು. ಅದಕ್ಕೇ ಜಾಣ ಹೆಡ್‌ಮಾಸ್ತರರು ಅಕಾರಾದಿಯ ಇನ್ನೊಂದು ಪುಸ್ತಕ ಇಡಿಸುತ್ತಿದ್ದರು. ಯಂತ್ರದ ಭಾಷೆಯಲ್ಲಿ ಅದೇ ಇಂಡೆಕ್ಸ್. ನಮ್ಮ ಪಿಗ್ಮಿ ನಮೂದುಗಳಿಗೆ ಖಾತೆ ಸಂಖ್ಯೆಯ ಇಂಡೆಕ್ಸೇ ಇರಲಿಲ್ಲ. ಹಾಗೆಂದು ಸಿಕ್ಕಸಿಕ್ಕ ಅಂಕಣಕ್ಕೆಲ್ಲ ಇಂಡೆಕ್ಸ್ ಮಾಡಿದರೂ ಕಷ್ಟವೇ; ಹೊಸ ನಮೂದು ಬಂದಾಗಲೆಲ್ಲ ಅಷ್ಟೂ ಪುಸ್ತಕಗಳನ್ನು ತಿದ್ದಬೇಕು.

ಎರಡನೆಯದು ತಮಾಷೆಯದು. ನಮೂದು ನಮೂದಿಗೂ ಸದಸ್ಯೆಯ ಹೆಸರನ್ನು ಬರೆದಿಟ್ಟಿದ್ದ ಹುಡುಗ, ಆ ಹೆಸರಿನ ಯಾವ ಭಾಗ ಕೊಟ್ಟರೂ ಹುಡುಕುವ ಹಾಗೆ ಮಾಡಿದ್ದ. ಗುಮಾಸ್ತೆ 'ಮ್ಮ' ಎಂದು ಒತ್ತಿದರೆ ಸಾಕು, ಊರಿನ ಗೌರಮ್ಮ ಸಾವಿತ್ರಮ್ಮರೆಲ್ಲ ಎದ್ದು ಬರಬೇಕು! ಅಕಾರಾದಿ ಪಟ್ಟಿ ಮೊದಲಕ್ಷರ ಗೊತ್ತಿದ್ದವರಿಗೆ ಮಾತ್ರ ದಾರಿ. ಕೊನೆಯಕ್ಷರ ಹಿಡಿದು ಹೊರಟರೆ ಇದ್ದೂ ಇಲ್ಲದಂತೆ. ಹೆಸರು ಸದಸ್ಯರ ಪಟ್ಟಿಯಲ್ಲಿ ಒಂದೇ ಕಡೆ ಇರಲಿ, ಉಳಿದೆಡೆ ಸಂಖ್ಯೆ ಸಾಕು ಎಂದಳು ನಮ್ಮ ಹುಡುಗಿ. ಹೀಗೆ ಕೋಷ್ಟಕಗಳನ್ನು ಒಂದಕ್ಕೊಂದು ಬೆಸೆಯುವ ಕ್ರಮಕ್ಕೆ ತಳಪಾಯ ಹಾಕಿದವರು ಐಬಿಎಮ್‌ನಲ್ಲಿದ್ದ ಇಂಗ್ಲೆಂಡ್ ಮೂಲದ ಎಡ್ಗರ್ ಕಾಡ್, 1970ರ ಲೇಖನದಲ್ಲಿ.

ಇನ್ನೊಂದು ದೋಷವೂ ಸಿಕ್ಕಿತು. ಯಂತ್ರದಲ್ಲಿ 8 ಜಿಬಿ ಸ್ಮೃತಿ ಇದ್ದರೂ, ಲೆಕ್ಕದ ಕೆಲಸಕ್ಕೆ ಬಿಟ್ಟಿದ್ದು ಮೊದಲೇ ನಿಗದಿಯಾಗಿದ್ದ 128 ಎಂಬಿ ಮಾತ್ರ. ಮದುವೆ ಮನೆಯಷ್ಟು ದೊಡ್ಡ ಅಡುಗೆಮನೆ ಕಟ್ಟಿಸಿ, ಒಂದು ಮಣೆಯಗಲದ ಜಾಗದಲ್ಲಿ ಎಲ್ಲ ತರಕಾರಿ ಹೆಚ್ಚಿದ ಹಾಗೆ.

ಮೂರನ್ನೂ ಸರಿಪಡಿಸಿದ ಮೇಲೆ ಪಾಸ್‌ಬುಕ್ಕಿನ ಪುಟ ತೆರೆಯುವಷ್ಟರಲ್ಲಿ ಬಾಕಿ ಪರದೆಯ ಮೇಲೆ ಬರತೊಡಗಿತು. ಹೂವಿನಜ್ಜಿಗೆ ಹಣ ಸಿಕ್ಕಿತು. ಅವಳೇ ಮಾರುಕಟ್ಟೆಯಲ್ಲಿ ನೋಟು ಎಣಿಸಿ ತೋರಿಸಿದ್ದು ನಮ್ಮ ಯಾವ ಪ್ರಕಟಣೆಗಿಂತಲೂ ಹೆಚ್ಚು ಕೆಲಸ ಮಾಡಿತು.

ಹಾಗಾದರೆ ದುಡ್ಡು ಕೊಟ್ಟು ಕೊಳ್ಳುವ ಉಪಕರಣಗಳೆಲ್ಲ ದಂಡವೇ? ಅಲ್ಲ. ನೂರಾರು ಯಂತ್ರಗಳನ್ನು ಹಗಲೂ ರಾತ್ರಿ ಕಾಯಬೇಕಾದ ದೊಡ್ಡ ಬ್ಯಾಂಕಿಗೆ ಅವು ಬೇಕೇ ಬೇಕು. ಆರಿಸುವಾಗ ಕೇಳಬೇಕಾದದ್ದನ್ನು ಅವಳು ಹೇಳಿದಂತೆ ಬರೆದುಕೊಂಡಿದ್ದೇನೆ. ನಮ್ಮಲ್ಲಿರುವ ದತ್ತಾಂಶ ವ್ಯವಸ್ಥೆಗೆ ಅದು ಹೊಂದುತ್ತದೆಯೇ? ಒರೇಕಲ್‌ನ ಎ.ಡಬ್ಲ್ಯು.ಆರ್. ವರದಿಯಾಗಲಿ, ಪೋಸ್ಟ್‌ಗ್ರೆಸ್‌ನ ಅಂಕಿಅಂಶದ ಸಾಧನವಾಗಲಿ ಅವುಗಳ ಮನೆಗಷ್ಟೇ ಸೊಸೆಯರು. ಅಳೆಯುವ ಸಾಧನವೇ ಯಂತ್ರಕ್ಕೆ ಭಾರವಾಗುವುದಿಲ್ಲವೇ? ಬದಲಾವಣೆಯನ್ನು ಮೊದಲು ಒಂದು ನಕಲಿನ ಮೇಲೆ ಮಾಡಿ ನೋಡಬಹುದೇ? ಎಲ್ಲಕ್ಕಿಂತ ಮುಖ್ಯ, ದಿನವೂ ಯಂತ್ರದ ಮುಂದೆ ಕೂರುವವಳಿಗೆ ಅದು ಅರ್ಥವಾಗುತ್ತದೆಯೇ? ನಮ್ಮ ಗುಮಾಸ್ತೆಗೆ ಪುಕ್ಕಟೆ ಸಿಗುವ ಮೈಎಸ್‌ಕ್ಯುಎಲ್ ವರ್ಕ್‌ಬೆಂಚ್ ಸಾಕಾಯಿತು. ದಿನಚರಿಯನ್ನು ಓದಿ, ಹೆಚ್ಚು ಹೊತ್ತು ತಿಂದ ಪ್ರಶ್ನೆಗಳನ್ನು ಮೇಲೆ ತಂದು ತೋರಿಸುವ ಪರ್ಕೋನಾ ಟೂಲ್‌ಕಿಟ್ ಎಂಬುದೂ ಪುಕ್ಕಟೆಯೇ. ಅದನ್ನು ಹುಡುಗ ನೋಡಿಕೊಳ್ಳುತ್ತಾನೆ.

ನೀವೂ ಯಾವುದಾದರೂ ಸಂಘದ ಸಮಿತಿಯಲ್ಲಿದ್ದರೆ ಒಂದು ಮಾತು. ವೇಗದ ಉಪಕರಣಕ್ಕಿಂತ ಮೊದಲು, ಕಳೆದದ್ದನ್ನು ಮರಳಿ ತರುವ ಏರ್ಪಾಡು ಕೇಳಿ. ನಕಲು ತೆಗೆದಿದ್ದೇವೆ ಎಂಬ ಮಾತಿಗೆ ಬೆಲೆಯಿಲ್ಲ. ನಕಲಿನಿಂದ ಲೆಕ್ಕ ಮತ್ತೆ ಎದ್ದು ಬಂದರೆ ಬೆಲೆ. ನಮ್ಮಲ್ಲಿ ಈಗ ತಿಂಗಳಿಗೊಮ್ಮೆ ಗುಮಾಸ್ತೆ ಇನ್ನೊಂದು ಕಂಪ್ಯೂಟರಿನಲ್ಲಿ ನಕಲನ್ನು ಬಿಚ್ಚುತ್ತಾಳೆ. ನಿರ್ದೇಶಕಿಯರಲ್ಲಿ ಒಬ್ಬರು ಯಾರಾದರೂ ಸದಸ್ಯೆಯ ಪಾಸ್‌ಬುಕ್ ಹಿಡಿದು ಪಕ್ಕದಲ್ಲಿ ಕೂರುತ್ತೇವೆ. ಪೈಸೆ ಪೈಸೆ ತಾಳೆಯಾದ ಮೇಲೆಯೇ ಕಾಫಿ.