ಗೆದ್ದವರು ನಮ್ಮವರೇ

ಮುಂಬಯಿ ಸೀಮೆಗೆ ಬಂದು ನೆಲೆಸಿದ ಕನ್ನಡಿಗನಿಗೆ ಕ್ರಿಕೆಟ್ಟಿನ ಅಭಿಮಾನ ಬಹಳ ಸುಲಭ. ಲೋಕಲ್ ಗಾಡಿಯಲ್ಲಿ ಯಾರಾದರೂ ಕೆಣಕಿದರೆ ವಿಶ್ವನಾಥ್, ಪ್ರಸನ್ನ, ಚಂದ್ರಶೇಖರರಿಂದ ಹಿಡಿದು ದ್ರಾವಿಡ್, ಕುಂಬ್ಳೆಯವರ ತನಕ ಹೆಸರುಗಳನ್ನು ಒಪ್ಪಿಸಿ ಎದುರಿನವರ ಬಾಯಿ ಮುಚ್ಚಿಸಬಹುದು. ಆದರೆ ಫುಟ್‌ಬಾಲಿನ ಮಾತು ಬಂತೆಂದರೆ ನಾವು ಕಿಟಕಿಯಾಚೆ ಮುಂಬ್ರಾದ ಗುಡ್ಡ ನೋಡುತ್ತ ಕೂಡುವವರು. ಗೋವೆಯವರು, ಬಂಗಾಳಿಗಳು, ಮಲಯಾಳಿಗಳು ಮಾತಾಡಬೇಕು, ನಾವು ಕೇಳಬೇಕು.

ಈ ಮೌನ ಮುರಿದದ್ದು 2023ರ ಮಾರ್ಚ್ 4, ಶನಿವಾರದಂದು. 1941ರಲ್ಲಿ ಆರಂಭವಾದ ಸಂತೋಷ್ ಟ್ರೋಫಿಯ ಕೊನೆಯ ಘಟ್ಟ ಆ ವರ್ಷ ಮೊಟ್ಟಮೊದಲ ಬಾರಿಗೆ ಪರದೇಶದಲ್ಲಿ, ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ನಡೆಯಿತು. ಸರ್ವಿಸಸ್ ತಂಡವನ್ನು 3-1ರಿಂದ ಸೋಲಿಸಿದ ಕರ್ನಾಟಕ ಫೈನಲ್ಲಿಗೆ ಬಂದಿತ್ತು. ಎದುರಾಳಿ ಮೇಘಾಲಯ. ನಮ್ಮ ನಾಡು ಈ ಟ್ರೋಫಿಯನ್ನು ಹಿಂದಿನ ಸಲ ಗೆದ್ದದ್ದು 1968-69ರಲ್ಲಿ. ಆಗ ರಾಜ್ಯಕ್ಕೆ ಮೈಸೂರು ಎಂಬ ಹೆಸರೇ ಇತ್ತು; ನಾನಂತೂ ಹುಟ್ಟಿಯೇ ಇರಲಿಲ್ಲ.

ಡೊಂಬಿವಲಿಯ ನಮ್ಮ ಮನೆಯಲ್ಲಿ ಮೊಬೈಲನ್ನು ಸ್ಟೀಲ್ ಡಬ್ಬಿಗೆ ಆನಿಸಿಟ್ಟು ನಾನೂ ಮಗನೂ ಕೂತೆವು. ಎರಡನೆಯ ನಿಮಿಷಕ್ಕೇ ಸುನಿಲ್ ಕುಮಾರ್ ಗೋಲು ಹೊಡೆದ. ನಾನು ಕೂಗಿದ ಕೂಗಿಗೆ ಒಳಗಿನಿಂದ ಮನೆಯವಳು, "ಮೆಲ್ಲಕ್ಕ ರೀ, ಬಾಜೂ ಮನಿ ಅಜ್ಜಿ ಮಲಗ್ಯಾರ" ಅಂದಳು. ಸ್ವಲ್ಪ ಹೊತ್ತಿಗೆ ಮೇಘಾಲಯ ಪೆನಾಲ್ಟಿಯಲ್ಲಿ ಸಮ ಮಾಡಿತು. ಬೇಕೆ ಓರಾಮ್ ಎರಡನೆಯದು ಹೊಡೆದ. ವಿರಾಮಕ್ಕೆ ತುಸು ಮುಂಚೆ ರಾಬಿನ್ ಯಾದವ್ ಮೂರನೆಯದು. ವಿರಾಮದ ಮೇಲೆ ಮೇಘಾಲಯ ಒಂದು ತೀರಿಸಿತು. ಮುಂದಿನ ಅರ್ಧ ಗಂಟೆ ಹೇಗೆ ಕಳೆಯಿತೆಂದು ಕೇಳಬೇಡಿ. ಇನ್‌ಸ್ಪೆಕ್ಷನ್ ಮುಗಿಯುವುದನ್ನು ಕಾಯುವ ಗುಮಾಸ್ತನಂತೆ ಗಡಿಯಾರ ನೋಡಿದ್ದೇ ನೋಡಿದ್ದು. ಕೊನೆಗೆ 3-2. ಐವತ್ನಾಲ್ಕು ವರ್ಷಗಳ ಮೇಲೆ ಟ್ರೋಫಿ ನಮ್ಮದಾಯಿತು! ಅಜ್ಜಿಯ ನಿದ್ದೆಯ ಚಿಂತೆ ಆಗ ಯಾರಿಗಿತ್ತು?

ಆ ಸಂಭ್ರಮದ ನಡುವೆ ಮಗ ಒಂದು ಮಾತು ಕೇಳಿದ: "ಪಪ್ಪಾ, ಓರಾಮ್ ಅಂತಾರ, ಯಾದವ್ ಅಂತಾರ. ಇದ್ರಾಗ ನಮ್ಮವ್ರು ಯಾರು?"

ಹುಡುಗರ ಪ್ರಶ್ನೆಗೆ ಗದರಿಸಿ ಉತ್ತರ ಹೇಳಬಾರದು. ಅವನಿಗೆ ಹಳೆಯ ಕಥೆ ಹೇಳಿದೆ. ನಮ್ಮ ನಾಡಿನ ಫುಟ್‌ಬಾಲ್ ಬೆಳೆದದ್ದು ಬೆಂಗಳೂರಿನ ದಂಡುಪ್ರದೇಶದಲ್ಲಿ, ತಮಿಳು, ಉರ್ದು ಕೇಳಿಬರುವ ಓಣಿಗಳಲ್ಲಿ. 1937ರಲ್ಲಿ ಇದೇ ಮುಂಬಯಿಗೆ ಬಂದು ರೋವರ್ಸ್ ಕಪ್ ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಅದು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಒಂದೇ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನ ಆಟಗಾರ. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನ್ ಮುಂದೆ ಕಲಕತ್ತೆಯ ಈಸ್ಟ್ ಬೆಂಗಾಲ್ ತಂಡ ಸೇರಿದರು. ಅಲ್ಲಿಯ ಜನ ಅವರನ್ನೂ ಜೊತೆಗಾರರು ನಾಲ್ವರನ್ನೂ ಸೇರಿಸಿ ಪಂಚ ಪಾಂಡವರೆಂದು ಹೆಸರಿಟ್ಟು ಮೆರೆಸಿದರು. ಬೆಂಗಳೂರಿನವನು ಕಲಕತ್ತೆಗೆ ಪಾಂಡವನಾಗಬಹುದಾದರೆ ಓರಾಮ್ ನಮಗೆ ನಮ್ಮವನಾಗಬಾರದೇ?

ಇಷ್ಟು ಹೇಳಿ ಮಲಗಿದೆ. ಆದರೆ ನಿದ್ದೆ ಹತ್ತಲಿಲ್ಲ. ಮಗ ಕೇಳಿದ್ದು ಓರಾಮನ ವಿಷಯವೋ, ತನ್ನದೋ ಎಂಬ ಸಂಶಯ ಹೊಕ್ಕಿತು.

ಕೇಂದ್ರ ಸರಕಾರದ ನೌಕರರಿಗೆ ಗೊತ್ತಿರುವ ಸಂಗತಿ: ನಮ್ಮ ಸರ್ವಿಸ್ ಬುಕ್ಕಿನಲ್ಲಿ ಸ್ವಂತ ಊರು ಯಾವುದೆಂದು ಬರೆದುಕೊಡಬೇಕು. ಊರಿಗೆ ಹೋಗಿಬರುವ ಎಲ್.ಟಿ.ಸಿ. ಸಿಗುವುದು ಅದರ ಮೇಲೆ. ಅದನ್ನು ಬದಲಿಸಲು ಇಡೀ ಸೇವಾವಧಿಯಲ್ಲಿ ಸಾಮಾನ್ಯವಾಗಿ ಒಂದೇ ಸಲ ಅವಕಾಶ. ನನ್ನದರಲ್ಲಿ ಗದಗ ಎಂದಿದೆ, ಹಾಗೆಯೇ ಇರುತ್ತದೆ. ಮಗನ ಊರು ಮಾತ್ರ ಅರ್ಜಿ, ಸಹಿ, ಮುದ್ರೆ ಯಾವುದೂ ಇಲ್ಲದೆ ಡೊಂಬಿವಲಿ ಆಗಿಬಿಟ್ಟಿದೆ. ಗದಗಿಗೆ ಹೋದರೆ ಅವನ ಕನ್ನಡ ಕೇಳಿ ಅಲ್ಲಿಯ ಹುಡುಗರು ನಗುತ್ತಾರೆ. ಇಲ್ಲಿ ಅವನ ಅಡ್ಡಹೆಸರು ಕೇಳಿ ಮೈದಾನದ ಗೆಳೆಯರು ಎರಡು ಸಲ ಕೇಳುತ್ತಾರೆ. ಚೆನ್ನಾಗಿಯೇ ಆಡುತ್ತಾನೆ. ಮುಂದೊಂದು ದಿನ ಆಯ್ಕೆಯಾದನೆಂದರೆ ಠಾಣೆ ಜಿಲ್ಲೆಗೆ. ದೇವರು ದೊಡ್ಡವನಾದರೆ ಮಹಾರಾಷ್ಟ್ರಕ್ಕೆ. ಆಗ ಇಲ್ಲಿಯ ಯಾವನೋ ಹುಡುಗ ತನ್ನ ಅಪ್ಪನನ್ನು, "ಈ ಹೆಸರು ನಮ್ಮದಲ್ಲವಲ್ಲ?" ಎಂದು ಕೇಳದಿರುವನೇ? ಆ ಅಪ್ಪ ಏನು ಉತ್ತರ ಕೊಡಬೇಕೆಂದು ನಾನು ಬಯಸುತ್ತೇನೋ, ಅದನ್ನೇ ನಾನು ಓರಾಮನ ವಿಷಯದಲ್ಲಿ ನನ್ನ ಮಗನಿಗೆ ಹೇಳಬೇಕಾಗಿತ್ತು, ಹೇಳಿದ್ದೂ ಅದನ್ನೇ.

ಮರುದಿನ ಚಹಾದ ಹೊತ್ತಿಗೆ ಈ ವಿಚಾರವನ್ನು ಮನೆಯವಳ ಮುಂದಿಟ್ಟೆ. "ಮುಂದ ಅವ ಮಹಾರಾಷ್ಟ್ರದ ಕಡೆಯಿಂದ ಕರ್ನಾಟಕದ ಮ್ಯಾಲೇ ಆಡಿದ್ರ ಏನು ಮಾಡೋದು?" ಅಂದೆ.

"ಮಾಡೋದೇನು? ಅವ ಗೋಲ್ ಹೊಡದ್ರ ಚಪ್ಪಾಳಿ ಹೊಡೀರಿ. ಕರ್ನಾಟಕ ಗೆದ್ರ ಪೇಢೆ ತರ್ರಿ" ಎಂದು ಅವಳು ರೊಟ್ಟಿ ಬಡಿಯಲು ಕೂತಳು.

ಸೋಮವಾರ ಆಫೀಸಿಗೆ ಧಾರವಾಡ ಪೇಢೆ ಸಿಗಲಿಲ್ಲವೆಂದು ಡೊಂಬಿವಲಿ ಸ್ಟೇಷನ್ನಿನ ಹತ್ತಿರದ ಪೇಢೆಯನ್ನೇ ಒಯ್ದು ಹಂಚಿದೆ. ಬಂಗಾಳಿ ಸಹೋದ್ಯೋಗಿ ಎರಡು ತೆಗೆದುಕೊಂಡರು.