ಸಿಗರೇಟು ಪೊಟ್ಟಣದ ಚಿತ್ರಚೀಟಿ

ಅಮೆರಿಕ ದೇಶದಲ್ಲಿ 1909ರಿಂದ 1911ರವರೆಗೆ ಸಿಗರೇಟಿನ ಪೊಟ್ಟಣಗಳೊಳಗೆ ಬೇಸ್‌ಬಾಲ್ ಆಟಗಾರರ ಬಣ್ಣದ ಚಿತ್ರವುಳ್ಳ ಸಣ್ಣ ರಟ್ಟಿನ ಚೀಟಿಗಳು ಬರುತ್ತಿದ್ದವು. ಅಮೆರಿಕನ್ ಟೊಬ್ಯಾಕೊ ಕಂಪನಿಯವರು ಹೊರಡಿಸಿದ, 500ಕ್ಕೂ ಹೆಚ್ಚು ಚಿತ್ರಗಳುಳ್ಳ ಈ ಮಾಲಿಕೆಯನ್ನು ಸಂಗ್ರಾಹಕರು ಟಿ-206 ಎಂದು ಕರೆಯುತ್ತಾರೆ. ಇಂಥ ರಟ್ಟು ಮೊದಲು ಪೊಟ್ಟಣವನ್ನು ಸೇರಿದ್ದು ಸಿಗರೇಟು ನುಗ್ಗಾಗದಿರಲೆಂದು. ಚಿತ್ರ ಬಂದದ್ದು ಆಮೇಲೆ. ಖಾಲಿ ಜಾಗವನ್ನು ಖಾಲಿ ಬಿಡದಿರುವುದು ವ್ಯಾಪಾರಿಯ ಸ್ವಭಾವವೆಂಬುದನ್ನು ನಾನು ಬಲ್ಲೆ.

ಚಿತ್ರಕಾರರ ಕೌಶಲವನ್ನು ಮೆಚ್ಚಲೇಬೇಕು. ಕಲ್ಲಚ್ಚಿನ ಆ ಮುಖಚಿತ್ರಗಳ ಹಿಂದೆ ಮೈದಾನವಿಲ್ಲ, ಜನಸಂದಣಿಯಿಲ್ಲ. ಒಂದೇ ಬಣ್ಣದ ಹರವು ಮಾತ್ರ. ಟೈ ಕಾಬ್ ಎಂಬ ಪ್ರಸಿದ್ಧ ಆಟಗಾರನಿಗೆ ಒಂದು ಚೀಟಿಯಲ್ಲಿ ಕೆಂಪು, ಇನ್ನೊಂದರಲ್ಲಿ ಹಸಿರು. ಹೋನಸ್ ವ್ಯಾಗ್ನರ್‌ಗೆ ಕಿತ್ತಳೆ. ಅವನ ಎದೆಯ ಮೇಲೆ ಪಿಟ್ಸ್‌ಬರ್ಗ್ ಎಂಬ ಊರಿನ ಹೆಸರು. ಆ ಬಣ್ಣ ನನ್ನ ಕಣ್ಣಿಗೆ ಪ್ರಭಾವಳಿಯಂತೆಯೇ ಕಾಣುತ್ತದೆ. ಆಟಗಾರನನ್ನು ದಿನನಿತ್ಯದ ಲೋಕದಿಂದ ಬೇರ್ಪಡಿಸಿ, ಆರೋಗ್ಯದ, ಧೈರ್ಯದ, ಊರಿನ ಅಭಿಮಾನದ ಪ್ರತೀಕವನ್ನಾಗಿ ಅದು ನಿಲ್ಲಿಸುತ್ತದೆ.

ಚೀಟಿಯನ್ನು ತಿರುವಿದರೆ ಸಿಗರೇಟಿನ ಜಾಹೀರಾತು. ಈ ಆಟಗಾರ ಇದನ್ನೇ ಸೇದುತ್ತಾನೆಂದು ಸಾಮಾನ್ಯವಾಗಿ ಎಲ್ಲಿಯೂ ಬರೆದಿಲ್ಲ. ಮುಂಭಾಗವನ್ನೂ ಹಿಂಭಾಗವನ್ನೂ ಬೆಸೆಯುವ ಕೆಲಸವನ್ನು ಕೊಳ್ಳುವವನ ಮನಸ್ಸಿಗೇ ಬಿಟ್ಟಿದ್ದಾರೆ. ಬಾಯಿಬಿಟ್ಟು ಹೇಳದ ಸುಳ್ಳನ್ನು ಯಾವ ನ್ಯಾಯಾಲಯ ಹಿಡಿದೀತು? ಕಾಬ್‌ನ ಒಂದು ಚೀಟಿಯಲ್ಲಂತೂ ಈ ಸಂಕೋಚವೂ ಉಳಿಯಲಿಲ್ಲ. ಅದರ ಹಿಂಭಾಗದಲ್ಲಿ ಅವನ ಹೆಸರಿನ ಹೊಗೆಸೊಪ್ಪನ್ನು ಆ ಲೋಕದ ರಾಜನೆಂದು ಸಾರಲಾಗಿದೆ.

ವ್ಯಾಗ್ನರ್ ಮಾತ್ರ ತನ್ನ ಚಿತ್ರವನ್ನು ಅಚ್ಚು ಹಾಕಲು ಒಪ್ಪಲಿಲ್ಲ. ಚೀಟಿಯಾಸೆಗೆ ಮಕ್ಕಳು ಹೊಗೆಸೊಪ್ಪು ಕೊಳ್ಳುವುದು ಅವನಿಗೆ ಬೇಡವಾಗಿತ್ತೆಂದು ಕೆಲವರು, ಹಣದ ವಿಷಯದಲ್ಲಿ ಒಪ್ಪಂದವಾಗಲಿಲ್ಲವೆಂದು ಕೆಲವರು ಹೇಳುತ್ತಾರೆ. ಅವನು ಸ್ವತಃ ಹೊಗೆಸೊಪ್ಪು ಅಗಿಯುತ್ತಿದ್ದನು. ಹಿಂದೊಮ್ಮೆ ಚುಟ್ಟದ ವ್ಯಾಪಾರಕ್ಕೆ ಅವನ ಚಿತ್ರ ಬಳಕೆಯಾಗಿತ್ತು. ಇದನ್ನು ಮುಂದೊಡ್ಡಿ ಮೊದಲ ಕಾರಣವನ್ನು ತಳ್ಳಿಹಾಕುವವರ ವಾದ ನನಗೆ ಒಪ್ಪಿಗೆಯಾಗದು. ತನಗಂಟಿದ ಚಟ ಮಗುವಿಗೆ ಅಂಟಬಾರದೆಂದು ಬಯಸಲು ಚಟವಿಲ್ಲದವನೇ ಆಗಬೇಕೇ? ನಮ್ಮ ಅಂಗಡಿಬೀದಿಯಲ್ಲಿಯೂ, ತಾವು ಬೀಡಿ ಸೇದುತ್ತ ಮಗನ ಕೈಯಿಂದ ಅದನ್ನು ಕಿತ್ತೆಸೆಯುವ ತಂದೆಯರುಂಟು.

ವ್ಯಾಗ್ನರ್ ಚೀಟಿಯ ಮುದ್ರಣ ಬೇಗನೆ ನಿಂತಿತು. ಇಂದು ಉಳಿದಿರುವ ಪ್ರತಿಗಳು ಸುಮಾರು 60 ಎಂದು ಎಣಿಕೆ. 2022ರ ಆಗಸ್ಟ್ ತಿಂಗಳಲ್ಲಿ ಅದರ ಒಂದು ಪ್ರತಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ಅವನ ನಿರಾಕರಣೆಗೆ ಮಾರುಕಟ್ಟೆ ಕಟ್ಟಿದ ಬೆಲೆ ಅದು. ಉಳಿದ ಪ್ರತಿಗಳಲ್ಲಿ ಹೆಚ್ಚಿನವುಗಳ ಬೆನ್ನ ಮೇಲೆ ಸ್ವೀಟ್ ಕ್ಯಾಪೊರಲ್ ಸಿಗರೇಟಿನ ಜಾಹೀರಾತು ಇಂದಿಗೂ ಇದೆ.